ನಿಮ್ಮ ಐದು ಗಂಟೆಯ ನಿದ್ದೆ

ನಾಲ್ಕನೇ ಮಹಡಿಯ ಮನೆ
ಭಾನುವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ನಮ್ಮ ಮನೆಯವರಿಗೆ,

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಸಾಮಾನಿನ ಚೀಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏನೆಂದು ಕರೆದು ಶುರು ಮಾಡಲಿ ಎನ್ನುವುದಕ್ಕೇ ಕಾಲು ಗಂಟೆ ಹೋಯಿತು. ಬಾಯಲ್ಲಾದರೆ ‘ರೀ’ ಅಂದರೆ ಮುಗಿಯಿತು, ನೀವು ಯಾವ ಮೂಲೆಯಲ್ಲಿದ್ದರೂ ‘ಏನೇ’ ಅನ್ನುತ್ತೀರಿ. ಅದನ್ನೇ ಕಾಗದದ ಮೇಲೆ ಬರೆದು ನೋಡಿದೆ, ಯಾರೋ ಅಂಗಡಿಯವರನ್ನು ಕೂಗಿದ ಹಾಗೆ ಕಂಡಿತು, ಹೊಡೆದು ಹಾಕಿದೆ. ಹೇಗಿದ್ದೀರಿ? ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಎಡಗೈ ಹೆಬ್ಬೆರಳಿನ ಗಾಯ ಒಣಗಿತೇ, ಇಲ್ಲ ಅದೇ ಗ್ರೀಸಿನ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದೀರಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ನಿದ್ದೆ ಬರುತ್ತಿದೆಯೇ? ಈ ಕೊನೆಯ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ನಿನ್ನೆ ನಿಮ್ಮ ಜೊತೆ ಕೆಲಸದ ಕೇಬಲ್ ಅಣ್ಣ ಬಂದು ಎಲ್ಲ ಹೇಳಿದರು.

ರಜೆಗೆ ಬಂದವರು ತಮ್ಮ ಮನೆಗೂ ಹೋಗದೆ ಮೊದಲು ನಮ್ಮ ಮೆಟ್ಟಿಲು ಹತ್ತಿದರು. ಆ ಹೊಟ್ಟೆ ಹೊತ್ತುಕೊಂಡು ನಾಲ್ಕು ಮಹಡಿ! ಬಂದವರೇ ನೀರು ಕುಡಿದು, ಮುಖ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು: ‘ಅತ್ತಿಗೆ, ಅವನು ಮಲಗೋದೇ ಇಲ್ಲ. ಹಾಸಿಗೆ ಇದೆ, ಹಾಸೋದಿಲ್ಲ. ಕುರ್ಚಿ ಮೇಲೆ ಕೂತೇ ಬೆಳಗು ಮಾಡ್ತಾನೆ. ಕೇಳಿದ್ರೆ, ಮಲಗಿದ್ದಕ್ಕೇ ಅಲ್ವಾ ಎಲ್ಲಾ ಹೋಗಿದ್ದು ಅಂತಾನೆ.’ ಆಮೇಲೆ ಹೋದ ಬುಧವಾರದ ವಿಷಯವನ್ನೂ ಹೇಳಿದರು. ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವಾಗ ನಿಮ್ಮ ಕಣ್ಣು ಮುಚ್ಚಿಹೋಯಿತಂತೆ, ಕಾಲು ಜಾರಿತಂತೆ, ಸೇಫ್ಟಿ ಬೆಲ್ಟ್ ಹಿಡಿದುಕೊಂಡಿತಂತೆ. ನೀವು ಅದನ್ನು ಯಾರಿಗೂ ಹೇಳಬೇಡ ಅಂದಿದ್ದಿರಂತೆ. ಅವರು ಹೇಳಿಬಿಟ್ಟರು, ಅವರ ಮೇಲೆ ಸಿಟ್ಟಾಗಬೇಡಿ. ಒಂದು ಸಲ ಬೆಲ್ಟ್ ಹಿಡಿದುಕೊಂಡಿತು, ಸರಿ. ಹೀಗೇ ಕಣ್ಣು ಮುಚ್ಚದೆ ಆ ಲಿಫ್ಟಿನ ಗುಂಡಿಗಳಿಗೆ ಇಳಿಯುತ್ತಿದ್ದರೆ ನಾನು ಯಾವ ಧೈರ್ಯದ ಮೇಲೆ ಇಲ್ಲಿ ಕೂತು ಬೇರೆಯವರ ಪ್ಯಾಂಟಿನ ಸೊಂಟ ಸರಿಮಾಡಲಿ? ಅದಕ್ಕೇ ಈ ಕಾಗದ. ಕೇಬಲ್ ಅಣ್ಣ ಇವತ್ತು ಒಂದು ಗಂಟೆಯ ಬಸ್ಸಿಗೆ ವಾಪಸ್ಸು ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ನೀವು ಆ ಒಳ್ಳೆಯ ಫೋನನ್ನು ಮಾರಿ ಬಟನ್ ಫೋನ್ ಇಟ್ಟುಕೊಂಡಿದ್ದೀರಿ, ಅದರಲ್ಲೂ ಭಾನುವಾರ ಮಗಳ ಜೊತೆ ಎರಡು ನಿಮಿಷ, ‘ಊಟ ಆಯ್ತಾ, ಓದ್ತಿದ್ದೀಯಾ, ಅಮ್ಮನಿಗೆ ಹೇಳು’ ಅಂದು ಇಟ್ಟುಬಿಡುತ್ತೀರಿ. ಅಮ್ಮನಿಗೆ ಏನು ಹೇಳಬೇಕೆಂದು ಅವಳಿಗೂ ಗೊತ್ತಾಗುವುದಿಲ್ಲ. ಅಲ್ಲದೆ ನಾನು ಹೇಳಬೇಕಾದ ಮಾತು ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋನಿನಲ್ಲಿ ಹೇಳುವಂಥದ್ದಲ್ಲ.

ಮೊದಲು ಮನೆಯ ಸುದ್ದಿ. ಮಗಳ ಲ್ಯಾಬ್ ಕೋರ್ಸಿನ ಎರಡನೇ ವರ್ಷದ ಪರೀಕ್ಷೆ ಮುಂದಿನ ತಿಂಗಳು. ಸೂಜಿ ಚುಚ್ಚುವ ಅಭ್ಯಾಸಕ್ಕೆ ಅವಳಿಗೆ ಸಿಕ್ಕಿರುವುದು ನನ್ನ ಕೈ. ನನ್ನ ನರಗಳು ನಾಚಿಕೆಯವಂತೆ, ಸೂಜಿ ಕಂಡರೆ ಒಳಗೆ ಸೇರಿಕೊಳ್ಳುತ್ತವಂತೆ. ‘ಅಪ್ಪನ ಕೈಯಾದ್ರೆ ಸುಲಭ, ಹಗ್ಗದ ಹಾಗೆ ಎದ್ದು ಕಾಣುತ್ತೆ’ ಅಂದಳು ಮೊನ್ನೆ. ಅಂದವಳು ಸೂಜಿ ಎತ್ತಿಟ್ಟು ಪುಸ್ತಕ ತೆರೆದಳು. ಇವತ್ತು ಬೆಳಿಗ್ಗೆಯೇ ಲೈಬ್ರರಿಗೆ ಹೋಗಿದ್ದಾಳೆ, ನಾನೇ ಕಳಿಸಿದೆ. ನನ್ನ ಮಂಡಿ ಇದ್ದ ಹಾಗೇ ಇದೆ, ಹತ್ತುವಾಗ ಎರಡನೇ ಮಹಡಿಯಲ್ಲಿ ಒಮ್ಮೆ ನಿಲ್ಲುತ್ತೇನೆ, ಈಗೀಗ ಮೂರನೆಯದರಲ್ಲೂ ನಿಲ್ಲುತ್ತೇನೆ. ಕೆಳಗಿನ ಮನೆಯಾಕೆ ಹೋದ ವಾರ ಮತ್ತೆ ಅದೇ ಮಾತು ಅಂದಳು, ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನ ಹೆಂಡತಿ ಮೆಟ್ಟಿಲು ಹತ್ತಿ ಸಾಯುತ್ತಿದ್ದಾಳೆ ಎಂದು. ಮೊದಲಾದರೆ ನಗುತ್ತಿದ್ದೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಹೆಚ್ಚಿದೆ, ಆಲ್ಟರೇಷನ್‌ಗೆ ಬರುವ ಬಟ್ಟೆ ನನ್ನ ಮೂಲೆಯಲ್ಲಿ ಗೋಡೆಯ ಅರ್ಧಕ್ಕೆ ಬಂದಿದೆ. ಮಾಲೀಕರು ನನಗೆ ಹೊಸ ದೀಪ ಹಾಕಿಸಿಕೊಟ್ಟಿದ್ದಾರೆ, ಸೂಜಿಗೆ ದಾರ ಪೋಣಿಸಲು ಈಗ ಎರಡೇ ಸಲ ಪ್ರಯತ್ನ ಸಾಕು.

ಈಗ ಆ ವಿಷಯ. ನೀವು ಹೋದ ಮೇಲೆ ಈ ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಆ ವಿಷಯದ ಹತ್ತಿರ ಸುಳಿದಿಲ್ಲ. ನಿಮಗೆ ನೆನಪಿರಬೇಕು, ಮೊದಲನೇ ಸಲ ನೀವು ‘ಶಾರ್ಟ್’ ಅಂದಾಗ ನಾನು ಯಾರದೋ ಪ್ಯಾಂಟಿನ ಉದ್ದದ ಮಾತು ಅಂದುಕೊಂಡಿದ್ದೆ, ನೀವೂ ಕೇಬಲ್ ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ನೀವು ನನಗೆ ತಿಳಿಯುವ ಹಾಗೆ ಹೇಳಿದಿರಿ. ಅಂಗಡಿಗೆ ಗಿರಾಕಿ ಕೋಟು ಕೊಟ್ಟು ಹೋಗಿದ್ದಾರೆ ಅಂತಿಟ್ಟುಕೋ. ಈಗ ಅದಕ್ಕೆ ಒಳ್ಳೆಯ ಬೆಲೆ ಇದೆ, ಮುಂದಿನ ವಾರ ಇಳಿಯುತ್ತೆ ಅಂತ ನಿನಗೆ ಖಾತ್ರಿ. ಮಾಲೀಕನ ಹತ್ತಿರ ಸ್ವಲ್ಪ ಠೇವಣಿ ಇಟ್ಟು ಇವತ್ತು ಅದನ್ನು ಮಾರಿಬಿಡು, ಬೆಲೆ ಇಳಿದ ಮೇಲೆ ಅಂಥದ್ದೇ ಕೋಟು ಕೊಂಡು ಗಿರಾಕಿಗೆ ಕೊಡು, ನಡುವಿನ ಲಾಭ ನಿನ್ನದು. ನಾನು ಕೇಳಿದೆ, ಬೆಲೆ ಏರಿದರೆ? ಏರಿದರೆ ಮಾಲೀಕ ನೀನಿಟ್ಟ ಠೇವಣಿ ಕರಗುವುದನ್ನು ನೋಡುತ್ತಾ ಕೂರುವುದಿಲ್ಲ, ಇನ್ನಷ್ಟು ಠೇವಣಿ ತಾ ಅನ್ನುತ್ತಾನೆ, ತರದಿದ್ದರೆ ನಿನ್ನನ್ನು ಕೇಳದೆ ಆ ದುಡ್ಡಿನಲ್ಲೇ ಕೋಟು ಕೊಂಡು ನಿನ್ನನ್ನು ಹೊರಗೆ ಹಾಕುತ್ತಾನೆ, ಅದಕ್ಕೆ ಲಿಕ್ವಿಡೇಶನ್ ಅನ್ನುತ್ತಾರೆ, ಅಂದಿರಿ. ಕೋಟಿನ ಜಾಗದಲ್ಲಿ ಬಿಟ್‌ಕಾಯಿನ್, ಮಾಲೀಕನ ಜಾಗದಲ್ಲಿ ಫೋನಿನೊಳಗಿನ ಒಂದು ಯಂತ್ರ, ಅಷ್ಟೇ ವ್ಯತ್ಯಾಸ. ಗಿರಾಕಿಯ ಕೋಟು ಮಾರುವವರನ್ನು ನಮ್ಮ ಅಂಗಡಿಯಲ್ಲಿ ಪೊಲೀಸರಿಗೆ ಹಿಡಿದುಕೊಡುತ್ತಾರೆ ಅಂದೆ ನಾನು. ನೀವು ನಕ್ಕು, ಜೀವಮಾನವೆಲ್ಲ ಮೇಲೆ ಹೋದ ಪೆಟ್ಟಿಗೆ ಕೆಳಗೆ ಬರುವುದನ್ನೇ ನೋಡಿದವನು ನಾನು, ಇಳಿಯುವುದರ ಮೇಲೆ ನನಗಿರುವಷ್ಟು ನಂಬಿಕೆ ಯಾರಿಗಿದೆ, ಅಂದಿರಿ. ಮೊದಲ ಸಲ ಗೆದ್ದಾಗ ನನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ತಂದುಕೊಟ್ಟಿರಿ. ಕಾಲು ತುಳಿಯುವುದು ತಪ್ಪಿತು, ಮಂಡಿಗೆ ಒಳ್ಳೆಯದಾಯಿತು, ನನಗೂ ಆಸೆ ಹುಟ್ಟಿತು. ನನ್ನದೂ ಪಾಲಿದೆ ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಆಮೇಲೆ ಆ ಮುಳ್ಳು. ಬೆಳಿಗ್ಗೆ ನೀವು ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ನೋಡುತ್ತಿದ್ದ, ಬಿಟ್‌ಕಾಯಿನ್ ಸಂತೆಯ ಮನಸ್ಸು ತೋರಿಸುವ ಗಡಿಯಾರದಂಥ ಚಿತ್ರ. ಒಂದು ಕಡೆ ಭಯ, ಇನ್ನೊಂದು ಕಡೆ ಆಸೆ, ಸೊನ್ನೆಯಿಂದ ನೂರು. ‘ಇವತ್ತು ಲೋಕ ಮೂವತ್ತೊಂದರಲ್ಲಿದೆ ಕಣೇ’ ಅನ್ನುತ್ತಿದ್ದಿರಿ, ಜ್ವರ ನೋಡಿ ಹೇಳಿದ ಹಾಗೆ. ಲೋಕದಲ್ಲಿ ಯಾರು ಹೆದರಿದ್ದಾರೆ, ಯಾರು ಹಿಗ್ಗಿದ್ದಾರೆ ಎಲ್ಲ ನಿಮಗೆ ಗೊತ್ತಿತ್ತು, ಮೂರು ಅಡಿ ದೂರದಲ್ಲಿ ಚಹಾ ಸೋಸುತ್ತಿದ್ದವಳು ಎಷ್ಟರಲ್ಲಿದ್ದಾಳೆ ಎಂದು ಒಂದು ದಿನವೂ ಕೇಳಲಿಲ್ಲ. ಇರಲಿ, ಜಗಳಕ್ಕೆ ಬರೆಯುತ್ತಿಲ್ಲ. ಕೊನೆಯ ವಾರ ಆ ಮುಳ್ಳು ಭಯದ ಕಡೆ ಹದಿನಾಲ್ಕಕ್ಕೆ ಇಳಿದಿತ್ತು. ನಿಮ್ಮ ಫೋನಿನ ಗುಂಪಿನಲ್ಲಿ ಇನ್ನೂರು ಜನ, ಇನ್ನೂರು ಜನರೂ ಇಳಿಯುತ್ತದೆ ಇಳಿಯುತ್ತದೆ ಎನ್ನುವವರೇ. ಇಳಿಕೆಯ ಗುರುತೆಂದು ಕರಡಿಯ ಚಿತ್ರ ಹಾಕುವುದು, ಏರುತ್ತದೆ ಅಂದವನನ್ನು ಗೇಲಿ ಮಾಡುವುದು. ಆಗ ನಾನೊಂದು ಮಾತು ಅಂದೆ, ನೆನಪಿದೆಯೇ? ಅಂಗಡಿಗೆ ಒಂದೇ ವಾರದಲ್ಲಿ ಎಲ್ಲರೂ ಸೊಂಟ ಬಿಗಿ ಮಾಡಿಸಲು ಬಂದರೆ ನಾನು ಬಟ್ಟೆಯನ್ನು ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿಯುತ್ತೇನೆ, ಯಾಕೆಂದರೆ ಎರಡು ತಿಂಗಳಿಗೆ ಅವರೇ ಬಿಚ್ಚಿಸಲು ಬರುತ್ತಾರೆ. ಎಲ್ಲರೂ ಒಂದೇ ಕಡೆ ನಿಂತರೆ ನನಗೆ ಹೆದರಿಕೆಯಾಗುತ್ತದೆ ಅಂದೆ. ‘ಇದು ಪ್ಯಾಂಟಲ್ಲ ಟೇಲರಮ್ಮ’ ಅಂದಿರಿ. ನನ್ನ ಮಾತಿಗೆ ಬೆಲೆ ಕೊಡಲಿಲ್ಲ ಎಂಬ ಕೋಪ ನನಗೆ ಇತ್ತು, ಈಗ ಇಲ್ಲ.

ಗುರುವಾರ ಬೆಲೆ ಏರಲು ಶುರುವಾಯಿತು. ಸ್ವಲ್ಪ ಏರಿದ್ದಕ್ಕೆ ನಿಮ್ಮ ಗುಂಪಿನಲ್ಲಿ ಯಾರದೋ ಠೇವಣಿ ಹೋಯಿತು. ಅವರ ಪರವಾಗಿ ಯಂತ್ರವೇ ಕೊಂಡಿತು, ಕೊಂಡಿದ್ದಕ್ಕೆ ಬೆಲೆ ಇನ್ನಷ್ಟು ಏರಿತು, ಏರಿದ್ದಕ್ಕೆ ಪಕ್ಕದವರದ್ದು ಹೋಯಿತು. ಮಾರಿದ ಕೋಟನ್ನು ಎಲ್ಲರೂ ಒಂದೇ ಸಲ ಕೊಳ್ಳಲು ಓಡಿದರೆ ಇನ್ನೇನಾಗುತ್ತದೆ. ನೀವು ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿರಿ. ಆ ಸಂತೆ ಬಾಗಿಲು ಹಾಕುವುದಿಲ್ಲವಲ್ಲ, ಹಗಲಿಲ್ಲ ರಾತ್ರಿಯಿಲ್ಲ ಭಾನುವಾರವಿಲ್ಲ. ಊಟದ ತಟ್ಟೆಯ ಪಕ್ಕ ಫೋನು, ಬಚ್ಚಲಲ್ಲಿ ಫೋನು, ಮೆಟ್ಟಿಲ ಮೇಲೆ ಕೂತು ಫೋನು. ಶುಕ್ರವಾರ ನೀವು ನೆಲಮಹಡಿ ಮನೆ ಕೊಳ್ಳಲು ಇಟ್ಟಿದ್ದ ದುಡ್ಡಿನಲ್ಲಿ ಅರ್ಧ ತೆಗೆದು ಠೇವಣಿಗೆ ಹಾಕಿದ್ದು ನನಗೆ ಶನಿವಾರ ಗೊತ್ತಾಯಿತು, ಅಷ್ಟರಲ್ಲಿ ಉಳಿದರ್ಧವನ್ನೂ ಅಲ್ಲಿಗೇ ಹಾಕಿದ್ದಿರಿ. ನಾವಿಬ್ಬರೂ ಹತ್ತೊಂಬತ್ತು ವರ್ಷ ಒಂದೊಂದಾಗಿ ಕೂಡಿಟ್ಟದ್ದು. ಆ ಮನೆಗೆ ಬಾಗಿಲ ಪಕ್ಕದಲ್ಲೇ ನಲ್ಲಿ, ಮೂರೇ ಮೆಟ್ಟಿಲು, ಕಿಟಕಿಯ ಕೆಳಗೆ ಯಂತ್ರ ಇಡಲು ಜಾಗ. ನಾನು ಆ ಕಿಟಕಿಗೆ ಪರದೆಯ ಅಳತೆ ಕೂಡ ತೆಗೆದುಕೊಂಡು ಬಂದಿದ್ದೆ. ಕೇಳದೆ ಹಾಕಿದಿರಿ ಎಂದು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ಕೆಂಪು ಕಣ್ಣು ಬಿಟ್ಟುಕೊಂಡು, ‘ಇಳಿಯುತ್ತೆ, ಇಳಿಯುತ್ತೆ, ಇನ್ನೊಂದು ದಿನ’ ಅಂದಿರಿ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ನಿಮಗೆ ಆಸ್ಪತ್ರೆಯ ಲಿಫ್ಟಿನ ಕೆಲಸವಿತ್ತು. ಮೂರು ದಿನ ಮಲಗದವರು ಆರು ಮಹಡಿಯ ಗುಂಡಿಗೆ ಇಳಿಯುವವರಿದ್ದಿರಿ. ನನ್ನ ಕಣ್ಣ ಮುಂದೆ ಬರುತ್ತಿದ್ದವರು ಒಬ್ಬರೇ, ನಿಮ್ಮ ಹಳೆಯ ಹೆಡ್ ಮೆಕ್ಯಾನಿಕ್. ಎರಡು ಪಾಳಿ ಒಟ್ಟಿಗೆ ಮಾಡಿ, ಪೆಟ್ಟಿಗೆ ಬಂದು ನಿಂತಿದೆ ಅಂದುಕೊಂಡು ಬಾಗಿಲು ತೆಗೆದು ಕಾಲಿಟ್ಟರಲ್ಲ, ಅವರು. ಪೆಟ್ಟಿಗೆ ಬಂದಿರಲಿಲ್ಲ. ಅವರ ಹೆಂಡತಿಯ ಪಕ್ಕದಲ್ಲಿ ಆ ದಿನ ನಾನೇ ಕೂತಿದ್ದೆ. ಬಂದವರಿಗೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದರು: ‘ಬೆಳಿಗ್ಗೆ ಒಂದು ಗಂಟೆ ಮಲಗಿ ಹೋಗಿ ಅಂದೆ, ಕೇಳಲಿಲ್ಲ.’ ಹನ್ನೆರಡು ವರ್ಷದಿಂದ ಆ ಮಾತು ನನ್ನ ಕಿವಿಯಲ್ಲಿದೆ. ಆ ಭಾನುವಾರ ಒಂಬತ್ತು ಗಂಟೆಗೆ ನೀವು ಮಂಚದ ಅಂಚಿನಲ್ಲಿ ಕೂತಿದ್ದಿರಿ, ಕೈಯಲ್ಲಿ ಫೋನಿತ್ತು, ತಲೆ ಹಾಗೇ ಎದೆಗೆ ಬಿತ್ತು. ನಾನು ಕಾಲು ಎತ್ತಿ ಮಂಚದ ಮೇಲಿಟ್ಟೆ, ತಲೆಗೆ ದಿಂಬು ಕೊಟ್ಟೆ, ನಿಮಗೆ ಎಚ್ಚರವಾಗಲಿಲ್ಲ. ಬೆರಳುಗಳಿಂದ ಫೋನು ಬಿಡಿಸಿಕೊಳ್ಳುವುದಕ್ಕೆ ಮಾತ್ರ ಕಷ್ಟವಾಯಿತು. ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿದೆ.

ಎಚ್ಚರವಾದಾಗ ಎರಡು ಗಂಟೆ. ಫೋನು ಆರಿಹೋಗಿತ್ತು, ಚಾರ್ಜ್ ಮುಗಿದಿದೆ ಅಂದುಕೊಂಡಿರಿ, ಚಾರ್ಜರಿಗೆ ಚುಚ್ಚಿದಿರಿ. ಅದು ಹೊತ್ತಿಕೊಂಡಾಗ ನಿಮ್ಮ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಹತ್ತೂಮುಕ್ಕಾಲಿಗೆ ನಿಮ್ಮದನ್ನು ಮುಚ್ಚಿಹಾಕಿದ್ದರು, ಠೇವಣಿಯೆಲ್ಲ ಹೋಗಿತ್ತು. ಅದೊಂದು ಗಂಟೆಯಲ್ಲಿ ಲೋಕದ ಎಲ್ಲೆಲ್ಲೋ ಸಾವಿರಾರು ಜನರ ಶಾರ್ಟ್‌ಗಳು ಹೀಗೇ ಹೋದವೆಂದು ಸುದ್ದಿ ಬಂದಿತ್ತು. ನೀವು ಕೂಗಾಡಲಿಲ್ಲ, ಯಂತ್ರವನ್ನು ಬೈಯಲಿಲ್ಲ, ಗುಂಪಿನವರನ್ನು ಬೈಯಲಿಲ್ಲ. ‘ನಾನು ಮಲಗಿಬಿಟ್ಟೆ’ ಅಂದಿರಿ. ಮುಖ ತೊಳೆದುಕೊಂಡು, ಟೂಲ್ ಬ್ಯಾಗ್ ತೆಗೆದುಕೊಂಡು, ಎರಡೂವರೆಗೆ ಸರಿಯಾಗಿ ಆಸ್ಪತ್ರೆಯ ಲಿಫ್ಟಿಗೆ ಹೋದಿರಿ. ಜೀವಸಹಿತ ವಾಪಸ್ಸು ಬಂದಿರಿ, ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆ. ಅದಾದ ಹನ್ನೆರಡು ದಿನವೂ ನೀವು ಆಡಿದ್ದು ಅದೊಂದೇ ಮಾತು. ‘ಡ್ಯೂಟಿಯಲ್ಲಿ ಒಂದು ದಿನವೂ ಕಣ್ಣು ಮುಚ್ಚದವನು ಮನೆಯ ದುಡ್ಡನ್ನು ಕಾಯುವಾಗ ಮಲಗಿಬಿಟ್ಟೆ.’ ಆಮೇಲೆ ಆ ದೂರದ ಊರಿನ ಕಟ್ಟಡದ ಕೆಲಸ ಒಪ್ಪಿಕೊಂಡು ಹೊರಟುಬಿಟ್ಟಿರಿ. ಆ ಭಾನುವಾರ ಕಳೆದು ಮೂರನೇ ದಿನವೇ ಬೆಲೆ ಇಳಿದಿತ್ತು. ನೀವು ಹೇಳಿದ್ದಕ್ಕಿಂತ ಹೆಚ್ಚೇ ಇಳಿಯಿತು. ಆ ಮೂರು ದಿನ ಹೊರಗೆ ಹಾಕಿಸಿಕೊಳ್ಳದೆ ಉಳಿದಿದ್ದವರು ಎಲ್ಲ ಗೆದ್ದರು. ನಿಮ್ಮ ಲೆಕ್ಕ ಸರಿಯಿತ್ತು ಎಂದು ನಿಮಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಈಗ ಕೇಳಿ. ಚಾರ್ಜ್ ಮುಗಿದಿರಲಿಲ್ಲ. ನಾನೇ ಆರಿಸಿದ್ದು. ನೀವು ಮಲಗಿದ ಮುಕ್ಕಾಲು ಗಂಟೆಗೆ ಅದು ನನ್ನ ಮಡಿಲಲ್ಲಿ ನಡುಗಿತು. ಓದಿದೆ. ಠೇವಣಿ ಸಾಲದು, ಹಾಕಿ, ಇಲ್ಲವಾದರೆ ಮುಚ್ಚುತ್ತೇವೆ ಎಂದಿತ್ತು. ಮತ್ತೆ ನಡುಗಿತು, ಮತ್ತೆ. ನನಗೆ ತಿಳಿಯಲಿಲ್ಲ ಎಂದು ಬರೆಯಬಹುದಿತ್ತು, ನೀವು ನಂಬುತ್ತಿದ್ದಿರಿ ಕೂಡ. ನನಗೆ ತಿಳಿಯಿತು. ಕೋಟಿನ ಕಥೆ ನೀವೇ ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಿರಿ. ಎಬ್ಬಿಸಿದರೆ ನೀವು ಮತ್ತೆ ಮಲಗುವುದಿಲ್ಲ, ಎರಡೂವರೆಗೆ ಹಾಗೇ ಗುಂಡಿಗೆ ಇಳಿಯುತ್ತೀರಿ, ಇದೊಂದೇ ನನ್ನ ತಲೆಯಲ್ಲಿತ್ತು. ಫೋನಿನ ಬಟನ್ ಒತ್ತಿ ಹಿಡಿದೆ, ಬೆಳಕು ಹೋಯಿತು. ಅದನ್ನು ಅಂಗಡಿಯಿಂದ ತಂದಿದ್ದ ಪ್ಯಾಂಟುಗಳ ನಡುವೆ ಇಟ್ಟು, ನೀವು ಏಳುವ ಮೊದಲು ದಿಂಬಿನ ಪಕ್ಕಕ್ಕೆ ವಾಪಸ್ಸು ತಂದಿಟ್ಟೆ. ಆಮೇಲೆ ಕೇಬಲ್ ಅಣ್ಣನನ್ನು ಸುಮ್ಮನೆ ಕೇಳುವ ಹಾಗೆ ಕೇಳಿದ್ದೆ, ನೀವು ಹತ್ತು ಗಂಟೆಗೆ ಎದ್ದಿದ್ದರೆ ಏನಾಗುತ್ತಿತ್ತು ಎಂದು. ಆಗಲೇ ಮುಚ್ಚಿದ್ದರೆ ಅರ್ಧವಾದರೂ ಉಳಿಯುತ್ತಿತ್ತು ಅಂದರು. ಅದನ್ನೂ ತಿಳಿದುಕೊಂಡೇ ನಾನು ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನೀವು ‘ನಾನು ಮಲಗಿಬಿಟ್ಟೆ’ ಅಂದಾಗಲೆಲ್ಲ ಸಾರಿನ ಪಾತ್ರೆ ನೋಡಿಕೊಂಡು ನಿಂತೆ. ಇನ್ನೂ ಒಂದು ಹೇಳಿಬಿಡುತ್ತೇನೆ, ಬರೆಯಲು ಕೈ ಬರುತ್ತಿಲ್ಲ. ಬೆಳಕು ಹೋದಾಗ ಮನಸ್ಸಿನ ಒಂದು ಮೂಲೆಯಲ್ಲಿ, ಹೋಗಲಿ ಪೀಡೆ, ಎಲ್ಲ ಹೋಗಲಿ, ಇದು ಮುಗಿಯಲಿ ಅನ್ನಿಸಿತು. ಶನಿವಾರದ ಸಿಟ್ಟೂ ಅದರಲ್ಲಿತ್ತು. ಎಲ್ಲ ನಿಮ್ಮ ಮೇಲಿನ ಪ್ರೀತಿಯಿಂದಲೇ ಮಾಡಿದೆ ಅಂದರೆ ಪೂರ್ತಿ ನಿಜವಾಗುವುದಿಲ್ಲ. ಪ್ರೀತಿ ಹೆಚ್ಚಿತ್ತು, ಎಷ್ಟು ಹೆಚ್ಚಿತ್ತು ಎಂದು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ.

ನೆಲಮಹಡಿಯ ಆ ಮನೆಗೆ ಬೇರೆಯವರು ಬಂದಿದ್ದಾರೆ. ಅಂಗಡಿಗೆ ಹೋಗುವಾಗ ದಿನಾ ಕಾಣುತ್ತದೆ, ಕಿಟಕಿಗೆ ನೀಲಿ ಪರದೆ ಹಾಕಿದ್ದಾರೆ, ಅಡಿಯಲ್ಲಿ ನಾಲ್ಕು ಬೆರಳು ಗಿಡ್ಡ. ನನಗೆ ನೋವಾಗುವುದಿಲ್ಲ ಅಂದರೆ ಸುಳ್ಳು. ಆಗುತ್ತದೆ, ಆ ರಸ್ತೆ ದಾಟುವವರೆಗೆ ಆಗುತ್ತದೆ. ಆಮೇಲೆ ಕೆಲಸ, ಸೂಜಿ, ದಾರ, ದಿನ ಕಳೆಯುತ್ತದೆ. ಆದರೆ ಸಂಜೆ ಮೆಟ್ಟಿಲು ಹತ್ತಿ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟಾಗ ನಿಮ್ಮ ಚಪ್ಪಲಿ ಇಡುವ ಜಾಗ ಖಾಲಿ ಇರುತ್ತದಲ್ಲ, ಅದನ್ನು ಕಳೆಯುವುದು ನನಗೆ ಇನ್ನೂ ಬಂದಿಲ್ಲ. ದುಡ್ಡು ಹೋದದ್ದಕ್ಕೆ ನಾನು ಎರಡು ಸಲ ಅತ್ತಿರಬಹುದು. ನೀವು ಹೋದದ್ದಕ್ಕೆ ಎಷ್ಟು ಸಲ ಎಂದು ಕೇಳಬೇಡಿ. ಮಗಳು ಕೇಳಿದರೆ ಈರುಳ್ಳಿ ಅನ್ನುತ್ತೇನೆ, ಅವಳು ಈಗ ದಡ್ಡಿಯಲ್ಲ, ಅಡುಗೆಮನೆಯಲ್ಲಿ ಈರುಳ್ಳಿ ಇಲ್ಲದ್ದು ಅವಳಿಗೆ ಗೊತ್ತು.

ನೀವು ಬರಬೇಕೆಂದು ಈ ಕಾಗದದಲ್ಲಿ ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ, ತಿಂಗಳುಗಟ್ಟಲೆ ಮಾಡಿಕೊಳ್ಳಿ, ಕೇಬಲ್ ಅಣ್ಣನ ಹತ್ತಿರ ನನ್ನನ್ನು ಬೈದುಕೊಳ್ಳಿ, ಅವರು ಹೂಂಗುಟ್ಟುತ್ತಾರೆ. ಆದರೆ ಆ ನಿದ್ದೆಯ ಅಪರಾಧವನ್ನು ಇನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಅದು ನಿಮ್ಮದಲ್ಲ, ನನ್ನದು, ವಾಪಸ್ಸು ಕೊಡಿ. ಕಾಗದ ಮಡಚಿದ ಮೇಲೆ ಹಾಸಿಗೆ ಹಾಸಿ ಮಲಗಿ. ಕುರ್ಚಿಯನ್ನು ಯಾರಿಗಾದರೂ ಕೊಟ್ಟುಬಿಡಿ. ಬೆಲ್ಟಿನ ಕೊಂಡಿಯನ್ನು ಎರಡೆರಡು ಸಲ ನೋಡಿ ಹಾಕಿಕೊಳ್ಳಿ. ಕೇಬಲ್ ಅಣ್ಣನ ಚೀಲದಲ್ಲಿ ನಿಮ್ಮ ಮೂರು ಅಂಗಿ ಇಟ್ಟಿದ್ದೇನೆ, ಕಾಲರ್ ತಿರುಗಿಸಿ ಹೊಲಿದಿದ್ದೇನೆ, ಹೊಸದರಂತೆ ಕಾಣುತ್ತವೆ. ಮಗಳ ನಮಸ್ಕಾರ, ಅವಳಿಗೆ ಪರೀಕ್ಷೆಗೆ ಮೊದಲು ನಿಮ್ಮ ಆಶೀರ್ವಾದ ಬೇಕು, ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮಾತಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಯಾವತ್ತೂ ನಿಮ್ಮವಳು,
ಟೇಲರಮ್ಮ

ಇನ್ನೊಂದು ಮಾತು: ಕೇಬಲ್ ಅಣ್ಣ ಕೆಳಗಿನಿಂದ ಕೂಗುತ್ತಿದ್ದಾರೆ, ಬಸ್ಸಿಗೆ ಹೊತ್ತಾಯಿತಂತೆ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಇಲ್ಲ. ನೀವು ಆ ಐದು ಗಂಟೆ ಒಂದೇ ಸಮನೆ ಮಲಗಲಿಲ್ಲ. ಹತ್ತು ಗಂಟೆಗೆ ನಿಮಗೆ ಎಚ್ಚರವಾಗಿತ್ತು, ನಿಮಗೆ ಅದು ನೆನಪಿಲ್ಲ. ಮೊಣಕೈ ಊರಿ ಎದ್ದು, ನನ್ನ ಮುಖ ನೋಡಿ, ‘ಏನಾದ್ರೂ ಮೆಸೇಜ್ ಬಂತೇನೇ?’ ಅಂದಿರಿ. ಫೋನು ನನ್ನ ಸೀರೆಯ ಮಡಿಕೆಯೊಳಗೆ ಇತ್ತು, ಇನ್ನೂ ಆರಿಸಿರಲಿಲ್ಲ. ಅವರು ಮುಚ್ಚುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಸಮಯವಿತ್ತು. ‘ಇಲ್ಲ, ಇಳೀತಾ ಇದೆ, ಮಲಗಿ’ ಅಂದೆ. ನೀವು ನಕ್ಕಿರಿ. ಮೂರು ದಿನದಲ್ಲಿ ಮೊದಲ ಸಲ ನಕ್ಕಿರಿ. ನನ್ನ ಕೈಯನ್ನು ಒಮ್ಮೆ ಅದುಮಿ ಗೋಡೆಯ ಕಡೆ ತಿರುಗಿ ಮಲಗಿದಿರಿ. ಕಾವಲು ಬಿಟ್ಟು ಮಲಗಿದವರಲ್ಲ ನೀವು, ಎದ್ದು ಕೇಳಿ ಮಲಗಿದವರು. ನೀವು ಮಾಡಿದ್ದು ನನ್ನ ಮಾತು ನಂಬಿದ್ದು, ಅಷ್ಟೇ.